ಸೋಮಾಲಿಗಳ ದೇಶವೂ ಅವರ ನಡೆನುಡಿಗಳೂ

ಮಂಗಳೂರಿನ ಬಂದರಿನಿಂದ ಹೊರಟ ಹಡಗೊಂದು ಅತ್ತಿತ್ತ ಹೆಚ್ಚು ತಿರುಗದೆ ಪಶ್ಚಿಮಾಭಿಮುಖವಾಗಿ, ತುಸುವೇ ದಕ್ಷಿಣಕ್ಕೆ ವಾಲಿ ಸಾಗಿದುದಾದರೆ, ಲಕ್ಷದ್ವೀಪಗಳನ್ನು ಎಡಕ್ಕೂ ಸೊಕೊತ್ರಾ ದ್ವೀಪವನ್ನು ಬಲಕ್ಕೂ ಬಿಟ್ಟು, ಸುಮಾರು ೨,೫೦೦ ಕಿಲೋಮೀಟರುಗಳ ತರುವಾಯ ಗಾರ್ಡಫುಯಿ ಎಂಬ ಭೂಶಿರವನ್ನು ಮುಟ್ಟುವುದು. ಆಫ್ರಿಕಾ ಖಂಡವು ಅಲ್ಲಿ ಖಡ್ಗಮೃಗದ ಕೊಂಬಿನಂತೆ ಸಮುದ್ರಕ್ಕೆ ಚಾಚಿಕೊಂಡಿದೆ. ಆ ಕೊಂಬಿನ ಮೇಲೆ ವಾಸಿಸುವ ಜನರೇ ಸೋಮಾಲಿಗಳು. ನಡುವೆ ಕಡಲೊಂದನ್ನು ಬಿಟ್ಟರೆ ಅವರು ನಮ್ಮ ನೇರ ನೆರೆಯವರೆಂದೇ ಹೇಳಬೇಕು. ಆದರೂ ಕಾಶಿಯ ವಿಷಯವನ್ನೂ ಲಂಡನ್ನಿನ ವಿಷಯವನ್ನೂ ಬಲ್ಲ ನಮ್ಮ ಗೃಹಸ್ಥರಿಗೆ ಈ ನೆರೆಯವರ ವಿಷಯದಲ್ಲಿ ಯುದ್ಧ, ಕ್ಷಾಮ, ಕಡಲುಗಳ್ಳತನ ಎಂಬ ಮಾತುಗಳ ಹೊರತು ಬೇರೊಂದು ತಿಳಿದಿರುವುದು ಅಪರೂಪ. ಅವರ ಮನೆ, ಊಟ, ಮದುವೆ, ವಿದ್ಯೆಗಳ ಸಂಗತಿಯನ್ನು ನಾನು ಓದಿ ಕೇಳಿ ತಿಳಿದಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಮೊದಲು ಗಾಳಿಯ ಮಾತು. ಜ್ಯೇಷ್ಠಮಾಸದಲ್ಲಿ ನಮ್ಮ ಕರಾವಳಿಗೆ ಮುಂಗಾರನ್ನು ಹೊತ್ತು ತರುವ ಗಾಳಿಯು ಭೂಮಧ್ಯರೇಖೆಯನ್ನು ದಾಟಿ, ಸೋಮಾಲಿಗಳ ಕರಾವಳಿಯ ಗುಂಟ ಮಹಾವೇಗದಿಂದ ಓಡಿ, ಅಲ್ಲಿಂದ ಪೂರ್ವಕ್ಕೆ ತಿರುಗಿ ನಮ್ಮ ಸಹ್ಯಾದ್ರಿಯ ಕಡೆಗೆ ಬರುತ್ತದೆ. ಅದು ಅವರ ಮನೆಯಂಗಳವನ್ನು ಹಾದೇ ಬರುತ್ತದೆ. ಆದರೆ ಅವರಿಗೆ ಹನಿ ನೀರನ್ನೂ ಕೊಡದೆ, ಧೂಳನ್ನು ಮಾತ್ರ ಎಬ್ಬಿಸಿ ಹೊರಟುಹೋಗುತ್ತದೆ. ಬರ್ಬರಾ ಪಟ್ಟಣದಲ್ಲಿ ಒಂದು ವರ್ಷಕ್ಕೆ ಬೀಳುವ ಮಳೆ ೧೦೦ ಮಿಲಿಮೀಟರನ್ನೂ ಮುಟ್ಟದು. ನಮ್ಮ ಆಗುಂಬೆಯಲ್ಲಿ ಅದು ೭,೦೦೦ವನ್ನು ಮೀರುತ್ತದೆ. ಆ ತಿಂಗಳುಗಳಲ್ಲಿ ಅಲ್ಲಿಯ ಕಡಲು ಎಷ್ಟು ಉಗ್ರವಾಗುವುದೆಂದರೆ, ಹಾಯಿಹಡಗುಗಳ ಕಾಲದಲ್ಲಿ ಕರಾವಳಿಯವರು ಅದನ್ನು ‘ಮುಚ್ಚಿದ ಕಡಲು’ ಎಂದು ಕರೆದು, ದೋಣಿಗಳನ್ನು ದಡಕ್ಕೆಳೆದು ಸುಮ್ಮನಿರುತ್ತಿದ್ದರು.

ಅವರ ವರ್ಷಕ್ಕೆ ನಾಲ್ಕು ಋತುಗಳು. ಏಪ್ರಿಲಿನಿಂದ ಜೂನಿನವರೆಗೆ ‘ಗು’ ಎಂಬ ಮಳೆಗಾಲ. ಹುಲ್ಲು, ಹಾಲು, ಮದುವೆ, ಕವಿಗೋಷ್ಠಿ ಎಲ್ಲವೂ ಆಗಲೇ. ಬಳಿಕ ‘ಹಗಾ’ ಎಂಬ ಒಣಗಾಳಿಯ ಕಾಲ. ಅಕ್ಟೋಬರ್ ನವೆಂಬರುಗಳಲ್ಲಿ ‘ದೈರ್’ ಎಂಬ ಕಿರುಮಳೆ. ಅಲ್ಲಿಂದ ಮುಂದೆ ಮಾರ್ಚಿಯವರೆಗೆ ‘ಜಿಲಾಲ್’. ಈ ಜಿಲಾಲಿನ ಹೆಸರನ್ನು ಕೇಳಿದರೇ ಅಲ್ಲಿಯ ಮುದುಕರ ಮುಖ ಕಂದುವುದಂತೆ. ಮಳೆ ಯಾವಾಗ ಬಂದೀತೆಂಬುದನ್ನು ತಿಳಿಯಲು ಅವರು ಕೃತ್ತಿಕಾ ನಕ್ಷತ್ರವನ್ನೂ ಚಿತ್ತಾ ನಕ್ಷತ್ರವನ್ನೂ ನೋಡುವರು. ಚಂದ್ರನ ದಾರಿಯನ್ನು ೨೮ ಮನೆಗಳಾಗಿ ಎಣಿಸುವರು. ಅಭಿಜಿತ್ತನ್ನು ಸೇರಿಸಿಕೊಂಡರೆ ನಮ್ಮ ನಕ್ಷತ್ರಗಳೂ ೨೮ ಎಂಬುದನ್ನು ಪಂಚಾಂಗ ನೋಡುವವರು ಬಲ್ಲರು. ನಾವು ಸಂವತ್ಸರಗಳಿಗೆ ೬೦ ಹೆಸರುಗಳನ್ನಿಟ್ಟಂತೆ ಅವರು ವಾರದ ದಿನಗಳ ಹೆಸರನ್ನೇ ವರ್ಷಗಳಿಗಿಟ್ಟು, ಏಳು ವರ್ಷಕ್ಕೊಂದು ಸುತ್ತು ಮಾಡಿಕೊಂಡಿದ್ದಾರೆ. ಮೂಸಾ ಗಲಾಲ್ ಎಂಬ ಸೋಮಾಲಿ ವಿದ್ವಾಂಸರು ಈ ಮಳೆಶಾಸ್ತ್ರವನ್ನೂ ನಕ್ಷತ್ರಶಾಸ್ತ್ರವನ್ನೂ ಹಿರಿಯರ ಬಾಯಿಂದ ಕೇಳಿ ಸಂಗ್ರಹಿಸಿ ೧೯೬೮ರಲ್ಲಿ ಪುಸ್ತಕವನ್ನು ಪ್ರಕಟಿಸಿದರು. ಅದು ಅಲ್ಲಿಯವರೆಗೆ ಬಹುಮಟ್ಟಿಗೆ ಬಾಯಿಂದ ಬಾಯಿಗೆ ಬಂದ ವಿದ್ಯೆಯಾಗಿತ್ತು.

ಇಂತಹ ನಾಡಿನಲ್ಲಿ ಒಂದೆಡೆ ನೆಲಸಿ ಬಾಳುವುದು ಸಾಧ್ಯವಲ್ಲದ ಕಾರಣ, ಬಹುಮಂದಿ ಸೋಮಾಲಿಗಳು ಪೂರ್ವಕಾಲದಿಂದಲೂ ಮಂದೆಗಳೊಂದಿಗೆ ತಿರುಗುವ ಪಶುಪಾಲಕರು. ಅವರ ಸಂಸಾರವು ಬೇಸಗೆಯಲ್ಲಿ ಎರಡಾಗಿ ಒಡೆಯುವ ರೀತಿ ವಿಚಾರಾರ್ಹವಾದುದು. ಕುರಿಮೇಕೆಗಳಿಗೆ ಕೆಲವು ದಿನಗಳಿಗೊಮ್ಮೆಯಾದರೂ ನೀರು ಬೇಕು; ಒಂಟೆಯು ಎರಡು ವಾರಗಳಾದರೂ ತಡೆಯಬಲ್ಲದು. ಆದುದರಿಂದ ಹೆಂಗಸರೂ ಮಕ್ಕಳೂ ಮುದುಕರೂ ಗುಡಿಸಿಲುಗಳನ್ನೂ ಕುರಿಗಳನ್ನೂ ಇಟ್ಟುಕೊಂಡು ಬಾವಿಗಳ ಬಳಿಯಲ್ಲಿ ನಿಲ್ಲುವರು. ಹದಿಹರೆಯದ ಹುಡುಗರೂ ಮದುವೆಯಿಲ್ಲದ ತರುಣರೂ ಒಂಟೆಗಳನ್ನು ಹೊಡೆದುಕೊಂಡು ಬಹುದೂರದ ಮೇವಿಗೆ ಹೋಗುವರು. ಅಲ್ಲಿ ಅವರಿಗೆ ಗುಡಿಸಿಲೂ ಇಲ್ಲ, ಒಲೆಯೂ ಇಲ್ಲ. ಮುಳ್ಳುಬೇಲಿಯ ಒಳಗೆ ನೆಲವೇ ಹಾಸಿಗೆ, ಒಂಟೆಯ ಹಾಲೇ ಅನ್ನವೂ ನೀರೂ. ಮರದಿಂದ ಕೆತ್ತಿದ ಪುಟ್ಟ ದಿಂಬೊಂದನ್ನು ಕತ್ತಿನ ಕೆಳಗಿಟ್ಟುಕೊಂಡು ಮಲಗುವರು. ಅದರ ಮೇಲೆ ಗಾಢನಿದ್ರೆ ಬರಲಾರದು. ಮಂದೆ ಕಾಯುವವನಿಗೆ ಬರಲೂ ಬಾರದು.

ಒಂಟೆಯ ವಿಷಯವಾಗಿ ಒಂದು ಮಾತು. ನಮ್ಮ ಅಮರಕೋಶದಲ್ಲಿ ಒಂಟೆಗೆ ಉಷ್ಟ್ರ, ಕ್ರಮೇಲಕ, ಮಯ, ಮಹಾಂಗ ಎಂಬ ನಾಲ್ಕೇ ಹೆಸರುಗಳು. ಸೋಮಾಲಿ ಭಾಷೆಯಲ್ಲಾದರೋ ಮಂದೆಗೆ ಗೇಲ್, ಹೆಣ್ಣಿಗೆ ಹಲ್, ಹೊರೆ ಹೊರುವ ಗಂಡಿಗೆ ಔರ್, ಬೀಜದ ಗಂಡಿಗೆ ಬಾರ್ಕಬ್, ಈಗ ತಾನೆ ಹುಟ್ಟಿದ ಮರಿಗೆ ನಿರಿಗ್, ಪ್ರಾಯದ ಹೆಣ್ಣಿಗೆ ಕಾಲಿನ್ ಎಂದು ವಯಸ್ಸು, ಲಿಂಗ, ಕರಾವುಗಳಿಗೆ ತಕ್ಕಂತೆ ಬೇರೆ ಬೇರೆ ಪದಗಳುಂಟು. ಜಗತ್ತಿನಲ್ಲಿ ಅತ್ಯಧಿಕವಾಗಿ ಒಂಟೆಗಳಿರುವ ದೇಶಗಳಲ್ಲಿ ಇದೂ ಒಂದು. ಆದರೂ ಸೋಮಾಲಿಯು ಒಂಟೆಯನ್ನೇರಿ ಸವಾರಿ ಮಾಡುವವನಲ್ಲ. ಕೂಸುಗಳನ್ನೂ ರೋಗಿಗಳನ್ನೂ ಬಿಟ್ಟರೆ ಮಿಕ್ಕವರೆಲ್ಲರೂ ಅದರ ಮುಂದೆ ನಡೆದೇ ಹೋಗುವರು. ಒಂಟೆಯನ್ನು ಕರೆಯುವುದು ಗಂಡಸರ ಕೆಲಸ, ಕುರಿಮೇಕೆಗಳ ಆರೈಕೆ ಹೆಂಗಸರದು. ಈ ವಿಭಾಗವನ್ನು ಹಿಂದಿನವರು ಬಹು ನಿಷ್ಠೆಯಿಂದ ಪಾಲಿಸುತ್ತಿದ್ದರು.

ನಮ್ಮ ಗೃಹಿಣಿಯರು ಗಮನಿಸತಕ್ಕ ಸಂಗತಿಯೊಂದುಂಟು. ‘ಅಕಲ್’ ಎಂದು ಕರೆಯುವ ಆ ಗುಡಿಸಿಲನ್ನು ಕಟ್ಟುವವಳು ಹೆಂಗಸು. ಅದು ಅವಳ ಸ್ವತ್ತು. ಮದುವೆ ನಿಶ್ಚಯವಾದ ಕೂಡಲೆ ಕನ್ಯೆಯ ತಾಯಿಯೂ ಅತ್ತೆಯಂದಿರೂ ಗೆಳತಿಯರೂ ಕೂಡಿ, ಮರದ ಬೇರುಗಳನ್ನು ಅಗೆದು ತಂದು ಬಿಲ್ಲಿನಂತೆ ಬಾಗಿಸುವರು, ನಾರು ತೆಗೆದು ಚಾಪೆಗಳನ್ನು ಹೆಣೆಯುವರು. ಬಾಗಿದ ಕೋಲುಗಳ ಮೇಲೆ ಚಾಪೆಗಳನ್ನು ಹೊದಿಸಿದರೆ ಗುಮ್ಮಟದಾಕಾರದ ಮನೆ ಸಿದ್ಧ. ತೆರಳುವ ದಿನ ಅದೇ ಹೆಂಗಸು ಅದನ್ನು ಬಿಚ್ಚಿ ಒಂಟೆಯ ಬೆನ್ನಿಗೇರಿಸುವಳು. ಅದೇ ಕೋಲುಗಳು ಹೊರೆಯ ಚೌಕಟ್ಟಾಗುವುವು, ಅದೇ ಚಾಪೆಗಳು ಒಂಟೆಯ ಬೆನ್ನಿಗೆ ಮೆತ್ತೆಯಾಗುವುವು. ಸಂಜೆಯ ಹೊತ್ತಿಗೆ ಬೇರೊಂದು ಬಯಲಿನಲ್ಲಿ ಮತ್ತೆ ಮನೆ. ಹಾಲಿನ ಪಾತ್ರೆಗಳು ಸಹ ಮಣ್ಣಿನವಲ್ಲ, ಲೋಹದವಲ್ಲ; ಬೇರಿನ ನಾರಿನಿಂದ ನೀರು ಸೋರದಂತೆ ಬಿಗಿಯಾಗಿ ಹೆಣೆದವು. ನೀರು ದುರ್ಲಭವಾದುದರಿಂದ ಅವನ್ನು ತೊಳೆಯುವ ಬದಲು ಉರಿಯುವ ಕಟ್ಟಿಗೆಯ ತುಂಡಿನ ಹೊಗೆ ಕೊಟ್ಟು ಶುದ್ಧಿಮಾಡುವರು. ಆ ಹಾಲಿಗೆ ಹೊಗೆಯ ಪರಿಮಳ ಬರುವುದು. ಊರು ಬಿಟ್ಟು ದೂರದೇಶ ಸೇರಿದ ಸೋಮಾಲಿಗಳು ಆ ಪರಿಮಳಕ್ಕಾಗಿ ಹಂಬಲಿಸುವರಂತೆ.

ಎಲ್ಲ ಸೋಮಾಲಿಗಳೂ ಅಲೆಮಾರಿಗಳೆಂದು ತಿಳಿಯಬಾರದು. ದಕ್ಷಿಣದಲ್ಲಿ ಜುಬ್ಬಾ ಮತ್ತು ಶಬೆಲ್ಲೆ ಎಂಬ ಎರಡು ನದಿಗಳ ನಡುವಣ ಸೀಮೆಯಲ್ಲಿ ಜೋಳ ಬೆಳೆಯುವ ಒಕ್ಕಲಿಗರಿದ್ದಾರೆ. ಅವರು ಕಾಳನ್ನು ನೆಲದಲ್ಲಿ ತೋಡಿದ ಕುಳಿಗಳಲ್ಲಿ ತುಂಬಿ, ಬಾಯಿಮುಚ್ಚಿ, ಕ್ಷಾಮಕಾಲಕ್ಕೆಂದು ಕಾಪಾಡುವರು. ನಮ್ಮ ಬಯಲುಸೀಮೆಯ ಹಗೇವುಗಳೇ ಸರಿ! ಉತ್ತರದ ಒಣ ಬೆಟ್ಟಗಳಲ್ಲಿ ಬಂಡೆಗೇ ಬೇರೂರಿ ನಿಲ್ಲುವ ಧೂಪದ ಮರಗಳಿವೆ. ಅವು ನಮ್ಮ ಸಲ್ಲಕೀ ವೃಕ್ಷದ ಕುಲದವು. ತೊಗಟೆಯನ್ನು ಕೆತ್ತಿ, ಒಸರಿದ ಹಾಲು ಗಟ್ಟಿಯಾಗಿ ಕಣ್ಣೀರಿನ ಹನಿಗಳಂತೆ ನಿಂತಮೇಲೆ ಬಿಡಿಸಿ ತೆಗೆಯುವರು. ನಮ್ಮ ಗ್ರಂಧಿಗೆ ಅಂಗಡಿಗಳಲ್ಲಿ ಸಿಗುವ ಬೋಳವನ್ನು ಕೊಡುವ ಮರವೂ ಆ ನಾಡಿನಲ್ಲಿ ಬೆಳೆಯುತ್ತದೆ. ಇವೆರಡೂ ಸಾವಿರಾರು ವರ್ಷಗಳಿಂದ ಹಡಗೇರಿ ದೇಶದೇಶಗಳಿಗೆ ಹೋಗುತ್ತಿವೆ.

ಈ ವ್ಯಾಪಾರದ ದೆಸೆಯಿಂದ ಕರಾವಳಿಯಲ್ಲಿ ದೊಡ್ಡ ಪಟ್ಟಣಗಳೂ ಬೆಳೆದವು. ಇಬ್ನ್ ಬತೂತನೆಂಬ ಪ್ರಸಿದ್ಧ ಯಾತ್ರಿಕನು ೧೩೩೧ರಲ್ಲಿ ಮೊಗದಿಶು ಪಟ್ಟಣಕ್ಕೆ ಬಂದನು. ಅದಾದ ಹತ್ತು ಹನ್ನೊಂದು ವರ್ಷಗಳ ತರುವಾಯ ನಮ್ಮ ಹೊನ್ನಾವರವನ್ನೂ ಮಂಗಳೂರನ್ನೂ ಕಂಡವನು ಇವನೇ. ಅವನು ಬರೆದಿರುವುದೇನೆಂದರೆ, ಹಡಗು ಲಂಗರು ಹಾಕಿದೊಡನೆ ಊರಿನ ತರುಣರು ಚಿಕ್ಕ ದೋಣಿಗಳಲ್ಲಿ ಎದುರುಗೊಳ್ಳಲು ಬರುವರು. ಒಬ್ಬೊಬ್ಬನ ಕೈಯಲ್ಲಿಯೂ ಮುಚ್ಚಳ ಹಾಕಿದ ಊಟದ ಪಾತ್ರೆ. ಅದನ್ನು ಒಬ್ಬ ವರ್ತಕನ ಮುಂದಿಟ್ಟು ‘ಈತನು ನನ್ನ ಅತಿಥಿ’ ಎನ್ನುವರು. ಆ ಬಳಿಕ ವರ್ತಕನ ಬಿಡಾರ, ಕ್ರಯವಿಕ್ರಯಗಳೆಲ್ಲವೂ ಆ ತರುಣನ ಮನೆಯ ಹೊಣೆ. ಬತೂತನು ವಿದ್ವಾಂಸನಾದುದರಿಂದ ಅವನ ಆತಿಥ್ಯವು ಅಲ್ಲಿಯ ದೊರೆಗೆ ಸೇರಿತು. ದೊರೆಯ ಕಡೆಯಿಂದ ಮೊದಲು ಬಂದುದು ವೀಳೆಯದೆಲೆ ಮತ್ತು ಅಡಿಕೆಯ ತಟ್ಟೆ! ಅನಂತರ ಊಟ: ತುಪ್ಪದಲ್ಲಿ ಬೇಯಿಸಿದ ಅನ್ನ, ಹಾಲಿನಲ್ಲಿ ಬೇಯಿಸಿದ ಬಾಳೆಕಾಯಿ, ಮೊಸರು, ಉಪ್ಪಿನಲ್ಲಿಟ್ಟ ನಿಂಬೆ, ಉಪ್ಪಿನಲ್ಲಿಟ್ಟ ಮೆಣಸಿನ ಗೊಂಚಲು, ಹಸಿಶುಂಠಿ, ಮಾವು. ಇದನ್ನೋದಿದಾಗ ನನಗೆ ಆಫ್ರಿಕಾದ ಸುಲ್ತಾನನ ಪಂಕ್ತಿಗಿಂತ ನಮ್ಮ ಕರಾವಳಿಯ ಯಾವುದೋ ಮನೆಯ ಬಾಳೆಯೆಲೆಯೇ ಕಣ್ಣಿಗೆ ಕಟ್ಟಿತು. ಮಾಂಸದ ಭಕ್ಷ್ಯಗಳನ್ನೂ ಅವನು ಹೇಳಿದ್ದಾನೆ. ಅವು ನನಗೆ ಅಪರಿಚಿತವಾದುದರಿಂದ ಬಿಟ್ಟಿದ್ದೇನೆ.

ಊಟದ ಮಾತು ಬಂದುದರಿಂದ ಒಂದು ಸಣ್ಣ ಪ್ರಸಂಗ. ಈಗ ಮೈಸೂರು ಬೆಂಗಳೂರುಗಳ ಕಾಲೇಜುಗಳಲ್ಲಿ ಸೋಮಾಲಿ ವಿದ್ಯಾರ್ಥಿಗಳೂ ಓದುತ್ತಾರೆ. ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ ಅಂತಹ ಹುಡುಗನೊಬ್ಬನು ಒಂದು ಭಾನುವಾರ ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ದೋಸೆ ಹುಯ್ಯುತ್ತಿದ್ದಳು. ಅವನು ಅಡಿಗೆಮನೆಯ ಬಾಗಿಲಲ್ಲೇ ನಿಂತು, “ಅಮ್ಮಾ, ಇದು ನಮ್ಮ ಲಹೋಹ್!” ಎಂದನು. ಹಿಟ್ಟನ್ನು ರಾತ್ರಿ ಕಲಸಿ ಹುಳಿಬರಿಸಿ, ಬೆಳಗ್ಗೆ ಕಾವಲಿಯ ಮೇಲೆ ನಡುವಿನಿಂದ ಸುತ್ತುಸುತ್ತಾಗಿ ಹರಡಿ, ಒಂದೇ ಮಗ್ಗುಲು ಬೇಯಿಸಿ, ತುಪ್ಪ ಸಕ್ಕರೆಗಳೊಡನೆ ತಿನ್ನುವರಂತೆ. ಜತೆಗೆ ಏಲಕ್ಕಿ, ಲವಂಗ, ದಾಲ್ಚಿನ್ನಿ ಹಾಕಿದ ಚಹ. ಮಗುಚಿ ಹಾಕಿದ ದೋಸೆಯನ್ನು ಕಂಡು ಮಾತ್ರ ಅವನು ಸಣ್ಣಗೆ ತಲೆಯಾಡಿಸಿದನು. ಅನ್ನದೊಡನೆ ಬಾಳೆಹಣ್ಣನ್ನು ಕಲಸಿಕೊಂಡು ತಿನ್ನುವುದು ಅವರಲ್ಲಿ ಇಂದಿಗೂ ಉಂಟು.

ಆ ದಿನ ನಾನು, “ನಿನ್ನ ಮನೆತನದ ಹೆಸರೇನಪ್ಪ?” ಎಂದು ಕೇಳಿದೆ. “ಮನೆತನದ ಹೆಸರು ನಮ್ಮಲ್ಲಿಲ್ಲ ಸರ್; ನನ್ನ ಹೆಸರು, ತಂದೆಯ ಹೆಸರು, ತಾತನ ಹೆಸರು, ಅಷ್ಟೆ. ಆದರೆ ಬೇಕಾದರೆ ಮುಂದೆ ಹೇಳುತ್ತೇನೆ” ಎಂದು ಪ್ರಾರಂಭಿಸಿದನು. ಮುತ್ತಾತ, ಅವನ ತಂದೆ, ಅವನ ತಂದೆ ಎಂದು ಬೆರಳೆಣಿಸುತ್ತ ಇಪ್ಪತ್ತಕ್ಕೂ ಮಿಕ್ಕ ಹೆಸರುಗಳನ್ನು ಒಂದೇ ಉಸಿರಿಗೆಂಬಂತೆ ಹೇಳಿ ನಿಲ್ಲಿಸಿದನು. ಶ್ರಾದ್ಧಕಾಲದಲ್ಲಿ ಮೂರು ತಲೆಯ ಹೆಸರಿಗೆ ತಡವರಿಸುವ ನಮ್ಮ ಹುಡುಗರು ನೆನಪಿಗೆ ಬಂದರು. ಇದಕ್ಕೆ ಅವರಲ್ಲಿ ‘ಅಬ್ತಿರ್ಸಿ’ ಎಂದು ಹೆಸರು. ಪೂರ್ವಜರ ಎಣಿಕೆ ಎಂದರ್ಥ. ಮಕ್ಕಳು ಏಳೆಂಟು ವರ್ಷದವರಾಗುವಷ್ಟರಲ್ಲಿ ತಾಯಂದಿರೇ ಇದನ್ನು ಬಾಯಿಪಾಠ ಮಾಡಿಸುವರು. ಹೆಣ್ಣು ಮದುವೆಯಾದರೂ ತನ್ನ ತಂದೆ ತಾತಂದಿರ ಹೆಸರನ್ನು ಬಿಡುವುದಿಲ್ಲ.

ಇದು ಕೇವಲ ಕುಲಾಭಿಮಾನದ ಕಸರತ್ತೆಂದು ಭಾವಿಸಬಾರದು. ಅವರ ಧರ್ಮಶಾಸ್ತ್ರವೆಲ್ಲವೂ ಈ ಎಣಿಕೆಯ ಮೇಲೆಯೇ ನಿಂತಿದೆ. ಅವರು ಸುನ್ನಿ ಮುಸಲ್ಮಾನರು, ಶಾಫಿ ಪಂಥದವರು; ಆದರೆ ಲೋಕವ್ಯವಹಾರದಲ್ಲಿ ‘ಹೇರ್’ ಎಂಬ ಪರಂಪರೆಯ ಕಟ್ಟಳೆಯನ್ನು ಅನುಸರಿಸುವರು. ಮೇವು, ಬಾವಿ, ಮದುವೆ, ಅಪಮಾನ, ಕೊಲೆ, ಯಾವುದಕ್ಕಾದರೂ ಎರಡು ಪಂಗಡಗಳ ನಡುವೆ ಹಿಂದೆ ಆದ ಒಪ್ಪಂದಗಳೇ ಪ್ರಮಾಣ. ಒಬ್ಬನು ಇನ್ನೊಬ್ಬನನ್ನು ಕೊಂದರೆ, ಕೊಂದವನ ಬಳಗವೆಲ್ಲ ಕೂಡಿ ಸತ್ತವನ ಬಳಗಕ್ಕೆ ಪರಿಹಾರ ತೆರಬೇಕು. ಅದರ ಸಂಪ್ರದಾಯದ ಪ್ರಮಾಣ ಗಂಡಸಿಗೆ ೧೦೦ ಒಂಟೆ, ಹೆಂಗಸಿಗೆ ೫೦. ಈ ತಾರತಮ್ಯವು ನ್ಯಾಯವೆಂದು ನಾನು ಹೇಳಲಾರೆ. ಆದರೆ ಅರಸನೂ ಕೊತವಾಲನೂ ಇಲ್ಲದ ಬಯಲಿನಲ್ಲಿ ಸೇಡಿಗೆ ಸೇಡು ಬೆಳೆಯದಂತೆ ತಡೆದುದು ಈ ಕಟ್ಟಳೆಯೇ. ದೊಡ್ಡ ಮುಳ್ಳುಜಾಲಿಯೊಂದರ ನೆರಳಿನಲ್ಲಿ ಹಿರಿಯರು ಕುಳಿತು ದಿನಗಟ್ಟಲೆ ವಾದಿಸುವರು. ವಾದದಲ್ಲಿ ಹಳೆಯ ತೀರ್ಪುಗಳನ್ನೂ ಹಳೆಯ ಪದ್ಯಗಳನ್ನೂ ಉದಾಹರಿಸುವರು. ಒಂದೂ ಕಾಗದದ ಮೇಲಿರುವುದಿಲ್ಲ. ಈಸಾ ಎಂಬ ಪಂಗಡದ ಇಂತಹ ಮೌಖಿಕ ಕಟ್ಟಳೆಯನ್ನು ಯುನೆಸ್ಕೋ ಸಂಸ್ಥೆಯು ೨೦೨೪ರಲ್ಲಿ ಮಾನವಕುಲದ ಪರಂಪರೆಗಳ ಪಟ್ಟಿಗೆ ಸೇರಿಸಿತು.

ಒಬ್ಬರನ್ನೊಬ್ಬರು ಕಂಡಾಗ ಅವರು ಕೇಳುವ ಮೊದಲ ಪ್ರಶ್ನೆ ‘ಶಾಂತಿಯೇ?’ ಎಂಬುದು. ಶಾಂತಿಯೊಡನೆ ಹಾಲನ್ನೂ, ಕಲಹದೊಡನೆ ಬರಗಾಲವನ್ನೂ ಜೋಡಿಸಿ ಹೇಳುವ ಗಾದೆಯೊಂದು ಅವರಲ್ಲಿ ಮನೆಮಾತಾಗಿದೆ.

ಮದುವೆಯ ಒಂದು ವಿನೋದವನ್ನು ಹೇಳದೆ ಮುಂದೆ ಹೋಗಲಾರೆ. ಉತ್ತರದವರಲ್ಲಿ ಮದುವೆಯಾದ ಏಳನೆಯ ದಿನ ಕನ್ಯೆಯ ಕಡೆಯವರು ‘ಹೇಢೋ’ ಎಂಬ ಬುಟ್ಟಿಯನ್ನು ತರುವರು. ಒಳಗೆ ತುಪ್ಪದಲ್ಲಿ ಮುಳುಗಿಸಿಟ್ಟ ಒಣಮಾಂಸದ ಚೂರುಗಳೂ ಖರ್ಜೂರವೂ ಇರುವುವು. ಹೊರಗೆ ಅದಕ್ಕೆ ತೊಗಲು ಬಿಗಿದು, ವಸ್ತ್ರ ಸುತ್ತಿ, ಮದುವಣಗಿತ್ತಿಯನ್ನೇ ಹೋಲುವಂತೆ ಸಿಂಗರಿಸಿ, ಉದ್ದನೆಯ ಹಗ್ಗದಿಂದ ತುದಿಮೊದಲು ಕಾಣದಂತೆ ಗಂಟುಹಾಕಿರುವರು. ವರನ ಕಡೆಯವರು ಹಗ್ಗವನ್ನು ಕತ್ತರಿಸದೆ ಗಂಟನ್ನು ಬಿಡಿಸಬೇಕು. ಬಿಡಿಸಲಾರದೆ ಸೋತವನಿಗೆ ದಂಡ, ಮೇಲೆ ಹೆಂಗಸರ ನಗೆ. ಸುತ್ತ ಕುಳಿತವರೆಲ್ಲರೂ ಪದ್ಯದಲ್ಲಿಯೇ ಹಾಸ್ಯಮಾಡುವರು. ನಮ್ಮ ಮದುವೆಗಳ ಉರುಟಣೆ, ಒಗಟಿನಲ್ಲಿ ಗಂಡನ ಹೆಸರು ಹೇಳಿಸುವುದು, ಇವುಗಳನ್ನು ನೋಡಿದವರಿಗೆ ಇದರ ಸ್ವಾರಸ್ಯವನ್ನು ಬೇರೆ ವಿವರಿಸಬೇಕಾಗಿಲ್ಲ.

ಅವರ ಸಂಪ್ರದಾಯದಲ್ಲಿ ಒಪ್ಪತಕ್ಕದ್ದಲ್ಲದ ಅಂಶಗಳೂ ಇವೆ. ಕಮ್ಮಾರರು, ಚರ್ಮದ ಕೆಲಸದವರು, ಬೇಟೆಯವರು ಮುಂತಾದ ಕೆಲವು ಪಂಗಡಗಳನ್ನು ಕೀಳೆಂದು ಎಣಿಸಿ ಅವರೊಡನೆ ಹೆಣ್ಣು ಕೊಟ್ಟು ತರುವುದನ್ನು ಇತರರು ನಿಷೇಧಿಸಿರುವರು. ಈ ವಿಷಯದಲ್ಲಿ ಅವರತ್ತ ಬೆರಳು ತೋರಿಸುವ ಯೋಗ್ಯತೆ ನಮಗೆಷ್ಟು ಇದೆಯೆಂಬುದನ್ನು ವಾಚಕರೇ ಯೋಚಿಸಬೇಕು. ಎಳೆಯ ಹೆಣ್ಣುಮಕ್ಕಳಿಗೆ ಮಾಡುವ ಅಂಗಚ್ಛೇದನವಂತೂ ಅತಿಕ್ರೂರವಾದುದು. ಇದರ ವಿರುದ್ಧ ದೀರ್ಘಕಾಲ ಹೋರಾಡಿದವರು ಅದೇ ನಾಡಿನ ಮಗಳು, ಸೂಲಗಿತ್ತಿಯ ವಿದ್ಯೆಯಲ್ಲಿ ತರಬೇತಾದ ಎಡ್ನಾ ಅದನ್ ಇಸ್ಮಾಯಿಲ್ ಎಂಬ ಮಹಿಳೆ. ೨೦೦೨ರಲ್ಲಿ ಆಕೆ ಹರ್ಗೈಸಾ ನಗರದಲ್ಲಿ ಹೆರಿಗೆ ಆಸ್ಪತ್ರೆಯೊಂದನ್ನು ತೆರೆದರು.

ಇನ್ನು ನನಗೆ ಅತ್ಯಂತ ಪ್ರಿಯವಾದ ವಿಷಯ, ಅವರ ಕಾವ್ಯ. ಬರ್ಟನ್ ಎಂಬ ಆಂಗ್ಲ ಯಾತ್ರಿಕನು ೧೮೫೪-೫೫ರಲ್ಲಿ ಆ ನಾಡಿನಲ್ಲಿ ಸಂಚರಿಸಿ, ಅಲ್ಲಿ ಎಲ್ಲಿ ನೋಡಿದರೂ ಕವಿಗಳೇ ಎಂದು ಬೆರಗಾಗಿ ಬರೆದನು. ಒಂಟೆಗೆ ನೀರೆತ್ತುವಾಗ ಒಂದು ಹಾಡು, ಹೊರೆ ಹೇರುವಾಗ ಇನ್ನೊಂದು, ಚಾಪೆ ಹೆಣೆಯುವಾಗ ಮತ್ತೊಂದು, ತೊಟ್ಟಿಲ ಕೂಸಿಗೆ ಬೇರೊಂದು. ಇವುಗಳ ಮೇಲೆ ‘ಗಬೈ’ ಎಂಬ ಗಂಭೀರಕಾವ್ಯ. ಹೆಂಗಸರದು ‘ಬುರಾನ್‌ಬುರ್’ ಎಂಬ ಪ್ರತ್ಯೇಕ ಜಾತಿ. ಗಬೈಯ ನಿಯಮವನ್ನು ಕೇಳಿದರೆ ನಮ್ಮ ಪಂಡಿತರು ಕಿವಿ ನಿಮಿರಿಸುವರು. ನಮ್ಮ ಕನ್ನಡದಲ್ಲಿ ಪಾದದ ಎರಡನೆಯ ಅಕ್ಷರ ಒಂದೇ ಆಗಿರಬೇಕೆಂಬ ಆದಿಪ್ರಾಸವು ಒಂದು ಪದ್ಯ ಮುಗಿದೊಡನೆ ಬದಲಾಗುವುದು. ಅವರಲ್ಲಾದರೋ ಒಮ್ಮೆ ಹಿಡಿದ ಅಕ್ಷರವನ್ನು ಕೊನೆಯವರೆಗೂ ಬಿಡುವಂತಿಲ್ಲ. ಕಾವ್ಯವು ನೂರು ಪಂಕ್ತಿಗಳಾಗಲಿ, ಪ್ರತಿಯೊಂದು ಪಂಕ್ತಿಯ ಎರಡು ಅರ್ಧಗಳಲ್ಲಿಯೂ ಆ ಅಕ್ಷರದಿಂದಲೇ ಪ್ರಾರಂಭವಾಗುವ ಪದವೊಂದಿರಬೇಕು. ಸ್ವರಾಕ್ಷರವನ್ನು ಹಿಡಿದವನಿಗೆ ಮಾತ್ರ ಸ್ವಲ್ಪ ರಿಯಾಯತಿ: ಯಾವ ಸ್ವರವಾದರೂ ಸಲ್ಲುವುದು.

ಛಂದಸ್ಸೂ ಮಾತ್ರಾಗಣನೆಯದೇ. ಹ್ರಸ್ವಸ್ವರಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು. ಒತ್ತಕ್ಷರದ ಹಿಂದಿನ ಹ್ರಸ್ವವು ಗುರುವಾಗುವುದೆಂಬ ನಮ್ಮ ಸೂತ್ರ ಮಾತ್ರ ಅಲ್ಲಿಲ್ಲ. ಅವರು ಸ್ವರವನ್ನೇ ಎಣಿಸುವರು. ಆಶ್ಚರ್ಯವೇನೆಂದರೆ, ಈ ಲಕ್ಷಣವನ್ನು ಯಾರೂ ಸೂತ್ರವಾಗಿ ಹೇಳಿಯೇ ಇರಲಿಲ್ಲ. ನಮಗೆ ಪಿಂಗಳನಿದ್ದನು, ಕನ್ನಡಕ್ಕೆ ಛಂದೋಂಬುಧಿಯ ನಾಗವರ್ಮನಿದ್ದನು. ಅವರಲ್ಲಿ ಕವಿಯು ಕಿವಿಯಿಂದ ಕಟ್ಟಿದನು, ಕೇಳುವವರು ಕಿವಿಯಿಂದಲೇ ತಪ್ಪು ಹಿಡಿದರು. ೧೯೭೬ರಲ್ಲಿ, ಇನ್ನೂ ಮೂವತ್ತು ತುಂಬದ ಕವಿ ಮೊಹಮ್ಮದ್ ಹಾಶಿ ಧಮಾ, ‘ಗಾರ್ರಿಯೇ’ ಎಂಬ ಅಡ್ಡಹೆಸರಿನಿಂದ ಪ್ರಸಿದ್ಧನಾದವನು, ವೃತ್ತಪತ್ರಿಕೆಯಲ್ಲಿ ಲೇಖನಗಳನ್ನು ಬರೆದು ಈ ಗಣಿತವನ್ನು ಮೊದಲ ಬಾರಿಗೆ ಬಿಡಿಸಿ ತೋರಿಸಿದನು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಅಬ್ದುಲ್ಲಾಹಿ ದಿರಿಯೇ ಗುಲೇದ್ ಎಂಬವರೂ ಇದೇ ಶೋಧನೆಯನ್ನು ಮಾಡಿದರು.

ಕವಿ ಬೇರೆ, ಕಾವ್ಯವನ್ನು ಧಾರಣೆಮಾಡಿ ಹೇಳುವವನು ಬೇರೆ. ಹೇಳುವವನು ಒಂದು ಪದವನ್ನೂ ಬದಲಿಸಕೂಡದು. ಮೊದಲು ಕವಿಯ ಹೆಸರನ್ನೂ ಸಂದರ್ಭವನ್ನೂ ಹೇಳಿಯೇ ಪ್ರಾರಂಭಿಸಬೇಕು. ಅನ್ಯರ ಕಾವ್ಯವನ್ನು ತನ್ನದೆಂದು ಹೇಳುವುದು ಅವರಲ್ಲಿ ದೊಡ್ಡ ಅಪಕೀರ್ತಿ. ವೇದವನ್ನು ಪದ, ಕ್ರಮ, ಘನಗಳಿಂದ ಕಾಪಾಡಿದ ನಮ್ಮವರ ಸಾಹಸವನ್ನು ನಾನು ಬಲ್ಲೆ. ಅಲ್ಲಿ ಗುರುಕುಲವಿತ್ತು, ವೃತ್ತಿಯಿತ್ತು. ಇಲ್ಲಿ ಒಂಟೆಯ ಹಿಂದೆ ನಡೆಯುವ ಕುರುಬನು ಅಕ್ಷರಪ್ರಾಸದ ಬಿಗಿಯೊಂದನ್ನೇ ಆಧಾರ ಮಾಡಿಕೊಂಡು ನೂರಾರು ಪಂಕ್ತಿಗಳನ್ನು ಹೊತ್ತು ತಿರುಗಿದನು. ಒಂದು ಪದ ತಪ್ಪಿದರೆ ಪ್ರಾಸವು ತಾನಾಗಿ ಕೂಗಿ ಹೇಳುವುದು.

ಈ ಕಾವ್ಯವು ಮನರಂಜನೆಗಷ್ಟೇ ಅಲ್ಲ. ಸಯ್ಯಿದ್ ಮುಹಮ್ಮದ್ ಅಬ್ದುಲ್ಲಾ ಹಸನನು ಇಪ್ಪತ್ತು ವರ್ಷಗಳ ಕಾಲ ಬ್ರಿಟಿಷರೊಡನೆ ಸೆಣಸಿದಾ‌ಗ ಬಂದೂಕದಷ್ಟೇ ಹರಿತವಾದ ಆಯುಧವಾಗಿದ್ದುದು ಅವನ ಪದ್ಯಗಳು. ೧೯೨೦ರಲ್ಲಿ ವಿಮಾನಗಳಿಂದ ಬಾಂಬು ಹಾಕಿ ಅವನ ಕೋಟೆಗಳನ್ನು ಕೆಡಹಿದರು. ಅದೇ ವರ್ಷದ ಕೊನೆಗೆ ಅವನು ತೀರಿಕೊಂಡನು. ಪದ್ಯಗಳು ಮಾತ್ರ ಇಂದಿಗೂ ಜನರ ಬಾಯಲ್ಲಿವೆ. ಜಗಳ ಹಚ್ಚುವ ಕವಿಗಳಂತೆ ಜಗಳ ನಿಲ್ಲಿಸುವ ಕವಿಗಳೂ ಇದ್ದರು. ಸಲಾನ್ ಅರ್ರಬೇ ಎಂಬ ಕವಿಯು, ಬಂಧುಗಳೇ ಎರಡು ಪಕ್ಷವಾಗಿ ಆಯುಧ ಹಿಡಿದು ನಿಂತಾಗ, ಕುದುರೆಯೇರಿ ನಡುವೆ ನಿಂತು ಕಾವ್ಯ ಹೇಳಿದನೆಂದು ಪ್ರತೀತಿ.

ಅಕ್ಷರಾಭ್ಯಾಸ ಅವರಲ್ಲಿ ಇರಲೇ ಇಲ್ಲವೆಂದಲ್ಲ. ಮರದಡಿಯ ಪಾಠಶಾಲೆಯಲ್ಲಿ ಮಕ್ಕಳು ಇದ್ದಿಲ ಮಸಿಯಿಂದ ಮರದ ಹಲಗೆಯ ಮೇಲೆ ಖುರಾನಿನ ವಾಕ್ಯಗಳನ್ನು ಬರೆದು, ಬಾಯಿಪಾಠವಾದ ಬಳಿಕ ತೊಳೆದು, ಮುಂದಿನದನ್ನು ಬರೆಯುವರು. ಅರಬ್ಬಿಯ ಸ್ವರಚಿಹ್ನೆಗಳನ್ನು ಸೋಮಾಲಿ ಮಾತಿನಲ್ಲೇ ರಾಗವಾಗಿ ಹೇಳಿಕೊಡುವ ಕ್ರಮವೊಂದನ್ನು ಔ ಬರ್ಖದ್ಲೆ ಎಂಬ ಸಂತನು ಶತಮಾನಗಳ ಹಿಂದೆ ರೂಢಿಗೆ ತಂದನೆಂದು ಹೇಳುವರು: ಅಕ್ಷರಕ್ಕೆ ಮೇಲೆ ಗುರುತು ಬಂದರೆ ಹೀಗೆ, ಕೆಳಗೆ ಬಂದರೆ ಹಾಗೆ ಎಂದು. ‘ಕ’ಕ್ಕೆ ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ ಎಂದು ಮೂವತ್ತೈದು ವರ್ಷ ಕಾಗುಣಿತ ಕೂಗಿಸಿದ ನನಗೆ ಇದು ಪರಮಾನಂದವನ್ನುಂಟುಮಾಡಿತು. ಆದರೆ ಅವರ ಸ್ವಂತ ಭಾಷೆಗೆ ಎಲ್ಲರೂ ಒಪ್ಪಿದ ಲಿಪಿಯಿರಲಿಲ್ಲ. ೧೯೬೦ರಲ್ಲಿ ಸ್ವಾತಂತ್ರ್ಯ ಬಂದಾಗ ಕಚೇರಿಗಳ ಬರಹ ಇಂಗ್ಲಿಷು, ಇಟಾಲಿಯನ್, ಅರಬ್ಬಿಗಳಲ್ಲಿ ನಡೆಯುತ್ತಿತ್ತು. ಅರಬ್ಬಿ ಲಿಪಿಯೋ, ರೋಮನ್ ಲಿಪಿಯೋ, ತಮ್ಮವರೇ ನಿರ್ಮಿಸಿದ ಲಿಪಿಯೋ ಎಂಬ ಜಗಳ ಹನ್ನೆರಡು ವರ್ಷ ನಡೆದು, ೧೯೭೨ರ ಅಕ್ಟೋಬರಿನಲ್ಲಿ ರೋಮನ್ ಲಿಪಿಯು ನಿಶ್ಚಯವಾಯಿತು.

ಮುಂದಿನದು ಉಪಾಧ್ಯಾಯನಾದವನು ಮರೆಯಲಾಗದ ಸಂಗತಿ. ೧೯೭೪ರಲ್ಲಿ ಸರ್ಕಾರವು ದೊಡ್ಡ ತರಗತಿಗಳ ಶಾಲೆಗಳನ್ನು ಒಂದು ವರ್ಷ ಮುಚ್ಚಿ, ಇಪ್ಪತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ಬಯಲಿನ ಪಶುಪಾಲಕರ ಬಳಿಗೆ ಕಳುಹಿಸಿತು. ಹುಡುಗರು ಹಲಗೆ ಹೊತ್ತು ಒಂಟೆಗಳ ಹಿಂದೆ ನಡೆದು, ರಾತ್ರಿ ಮುಳ್ಳುಬೇಲಿಯೊಳಗೆ ಮಲಗಿ, ಅಜ್ಜ ಅಜ್ಜಿಯರಿಗೆ ಅಕ್ಷರ ಕಲಿಸಿದರು. ಅದೇ ವರ್ಷ ಮಳೆ ತಪ್ಪಿತು. ನಮ್ಮಲ್ಲಿ ೧೮೭೬-೭೮ರ ಕ್ಷಾಮಕ್ಕೆ ಧಾತು ಸಂವತ್ಸರದ ಬರವೆಂದು ಹೆಸರಿದ್ದಂತೆ, ಅವರು ಆ ಬರಕ್ಕೆ ‘ದಬಧೇರ್’, ಎಂದರೆ ಉದ್ದಬಾಲದ್ದು, ಎಂದು ಹೆಸರಿಟ್ಟರು. ಪಾಠ ಹೇಳಹೋದ ಹುಡುಗರು ಗಂಜಿಕೇಂದ್ರಗಳಲ್ಲಿ ಕೆಲಸಕ್ಕೆ ನಿಂತರು. ಮಂದೆ ಕಳೆದುಕೊಂಡ ಸುಮಾರು ಒಂದು ಲಕ್ಷ ಜನರನ್ನು ದಕ್ಷಿಣಕ್ಕೆ ಸಾಗಿಸಿ, ಬೇಸಾಯಕ್ಕೂ ಮೀನುಗಾರಿಕೆಗೂ ಹಚ್ಚಲಾಯಿತು.

ಅಲ್ಲಿಂದೀಚೆಗೆ ಬರ ಬಿಟ್ಟಿಲ್ಲ. ೨೦೧೧ರ ಕ್ಷಾಮದಲ್ಲಿ ಎರಡೂವರೆ ಲಕ್ಷಕ್ಕೂ ಮಿಕ್ಕ ಜನ ಸತ್ತರು, ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಕೂಸುಗಳು. ೨೦೨೦ರ ಕೊನೆಯಿಂದ ಐದು ಮಳೆಗಾಲಗಳು ಒಂದರ ಹಿಂದೊಂದು ಕೈಕೊಟ್ಟವು. ಮಂದೆ ಸತ್ತಮೇಲೆ ಸಂಸಾರಗಳು ಪಟ್ಟಣದ ಅಂಚಿನ ಬಿಡಾರಗಳಿಗೆ ಬಂದು ಸೇರುತ್ತವೆ. ಹೆಂಗಸರು ಅದೇ ಗುಮ್ಮಟದ ಆಕಾರದಲ್ಲಿ ಕೋಲು ಬಾಗಿಸಿ, ಚಾಪೆಯಿಲ್ಲದೆ ಹಳೆಯ ಬಟ್ಟೆ, ತಗಡು, ಪ್ಲಾಸ್ಟಿಕ್ ಹಾಳೆಗಳನ್ನು ಹೊದಿಸುತ್ತಾರೆ. ಒಂಟೆಯೇ ಇಲ್ಲದ ಬಿಡಾರದಲ್ಲಿ ಹುಟ್ಟಿದ ಮಗುವಿಗೆ ನಿರಿಗ್ ಎಂದರೇನು, ಕಾಲಿನ್ ಎಂದರೇನು ಎಂದು ಯಾವುದನ್ನು ತೋರಿಸಿ ಹೇಳುವುದು? ಒಂಟೆಯ ಹಾಡು ಆ ಮಗುವಿಗೆ ಟಿಪ್ಪಣಿಯಿಲ್ಲದೆ ತಿಳಿಯಲಾರದು.

೧೯೮೮ರಲ್ಲಿ ಸೈನ್ಯದ ಸರ್ಕಾರವು ತನ್ನದೇ ಉತ್ತರದ ನಗರವಾದ ಹರ್ಗೈಸಾದ ಮೇಲೆ ವಿಮಾನದಿಂದ ಬಾಂಬು ಸುರಿಸಿ ಅದನ್ನು ನೆಲಸಮ ಮಾಡಿತು. ೧೯೯೧ರಲ್ಲಿ ಆ ಸರ್ಕಾರವೂ ಉರುಳಿ, ದಕ್ಷಿಣದಲ್ಲಿ ದೀರ್ಘಕಾಲದ ಅಂತಃಕಲಹವಾಯಿತು. ಉತ್ತರದಲ್ಲಿ ೧೯೯೩ರಲ್ಲಿ ಬೋರಮಾ ಎಂಬ ಊರಿನಲ್ಲಿ ಪಂಗಡಗಳ ಸುಮಾರು ೧೫೦ ಹಿರಿಯರು ತಿಂಗಳುಗಟ್ಟಲೆ ಕುಳಿತು, ಹಳೆಯ ಕಟ್ಟಳೆಯ ಕ್ರಮದಲ್ಲಿಯೇ ವಾದಿಸಿ ಶಾಂತಿಯನ್ನು ಕಟ್ಟಿದರು.

ಹರ್ಗೈಸಾದ ಆಕಾಶವಾಣಿಯಲ್ಲಿ ಕವಿಗಳ ಕಂಠಗಳೂ ಹಾಡುಗಳೂ ತುಂಬಿದ ಧ್ವನಿಸುರುಳಿಗಳ ಭಂಡಾರವಿತ್ತು. ಬಾಂಬು ಬೀಳುವ ಮುನ್ನ ಅಲ್ಲಿಯ ನೌಕರರೂ ಕಲಾವಿದರೂ ಅವುಗಳನ್ನು ಹೊರಗೆ ಸಾಗಿಸಿ, ಸುಡದಂತೆ ನೆಲದಲ್ಲಿ ಹೂತಿಟ್ಟರು. ಕೆಲವನ್ನು ನೆರೆದೇಶಗಳಿಗೆ ಕೊಂಡುಹೋದರು. ಯುದ್ಧ ಮುಗಿದ ಮೇಲೆ ಅಗೆದು ತೆಗೆದವೂ, ಜನರು ಮನೆಗಳಲ್ಲಿ ಉಳಿಸಿಕೊಂಡಿದ್ದವೂ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಸುರುಳಿಗಳು ಈಗ ಆ ನಗರದ ಸಾಂಸ್ಕೃತಿಕ ಕೇಂದ್ರದಲ್ಲಿವೆ. ಅವುಗಳನ್ನು ಗಣಕಯಂತ್ರಕ್ಕೆ ಏರಿಸುವ ಕೆಲಸವನ್ನು ಕೈಗೊಂಡಿದ್ದಾರೆ. ೨೦೦೮ರಿಂದ ಅದೇ ನಗರದಲ್ಲಿ ವರ್ಷಕ್ಕೊಮ್ಮೆ ಪುಸ್ತಕದ ಜಾತ್ರೆಯೂ ನಡೆಯುತ್ತಿದೆ. ಅಲ್ಲಿ ಅಚ್ಚಾದ ಪುಸ್ತಕಗಳು ಮಾರಾಟಕ್ಕಿರುತ್ತವೆ, ಕವಿಗಳು ವೇದಿಕೆಯೇರಿ ಬಾಯಿಯಿಂದಲೇ ಕಾವ್ಯ ಹೇಳುತ್ತಾರೆ.